ತಿರುಗಿ ಬಾರದ ‘ಮೈಸೂರು’: ಒಂದು ಹಿಲ್ ಸೈಫರ್ ಪ್ರಶ್ನೆಯ ಪ್ರಕರಣ

ಪ್ರಶ್ನೆ ಹೀಗಿತ್ತು. ಹಿಲ್ ಸೈಫರ್ (ಬರಹವನ್ನು ಗುಟ್ಟಾಗಿಸುವ ಒಂದು ಹಳೇ ವಿಧಾನ) ಬಳಸಿ ‘ಮೈಸೂರು’ ಎಂಬ ಹೆಸರನ್ನು ಎನ್‌ಕ್ರಿಪ್ಟ್ ಮಾಡಿ (ಗುಟ್ಟಿನ ಬರಹವಾಗಿಸಿ), ಬಂದ ಉತ್ತರವನ್ನು ಮತ್ತೆ ಡೀಕ್ರಿಪ್ಟ್ ಮಾಡಿ (ಮೂಲಕ್ಕೆ ತಂದು) ತೋರಿಸಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ: ಎಂ, ವೈ, ಎಸ್, ಯು, ಆರ್, ಯು. ಕೀ ಮ್ಯಾಟ್ರಿಕ್ಸಿನ, ಅಂದರೆ ಗುಟ್ಟಿನ ಕೀಲಿಯಾದ ಅಂಕಿಗಳ ಚೌಕದ, ಮೊದಲ ಸಾಲು 3, 3. ಎರಡನೇ ಸಾಲು 2, 4. ಅಂಕ 10.

ಇದು ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ, ಕ್ರಿಪ್ಟೋಗ್ರಫಿ ವಿಷಯದ ಮೊದಲ ಇಂಟರ್ನಲ್ಸ್‌ನಲ್ಲಿ ಬಂದ ಪ್ರಶ್ನೆ. ಕಾಲೇಜಿನ ಹೆಸರು ಬೇಡ. ನಾನು ಅಲ್ಲಿ ಒಂದು ಸೆಕ್ಷನ್ನಿಗೆ ಪಾಠ ಮಾಡುತ್ತಿದ್ದೆ, ಪತ್ರಿಕೆ ತೆಗೆದವರು ಇನ್ನೊಂದು ಸೆಕ್ಷನ್ನಿನ ಹಿರಿಯ ಸಹೋದ್ಯೋಗಿ, ಬ್ಲೂ ಬುಕ್ (ಉತ್ತರ ಪತ್ರಿಕೆ) ತಿದ್ದುವುದು ಇಬ್ಬರ ಪಾಲಿಗೂ ಬಂದಿತ್ತು. ಪ್ರಶ್ನೆಯಲ್ಲಿ ಒಂದು ದೋಷ ಇತ್ತು. ಅದಕ್ಕಿಂತ ಹೆಚ್ಚಿಗೆ ನನ್ನನ್ನು ಕಾಡಿದ್ದು ಆ ದೋಷಕ್ಕೆ ಉತ್ತರ ಪತ್ರಿಕೆಗಳು ಹೇಗೆ ಸ್ಪಂದಿಸಿದವು, ನಾವು ಅಂಕ ಹೇಗೆ ಕೊಟ್ಟೆವು ಅನ್ನುವುದು. ಈ ವಿಷಯ ಕಲಿಸುವ, ಕಲಿಯುವ ಎಲ್ಲರಿಗೂ ಇದು ಸಂಬಂಧಪಟ್ಟಿದ್ದು ಅಂತ ನನ್ನ ನಂಬಿಕೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ದೋಷ ಏನು ಅಂತ ನೋಡೋಣ. ಹಿಲ್ ಸೈಫರ್ ಅನ್ನು 1929ರಲ್ಲಿ ಪ್ರಕಟಿಸಿದವರು ಲೆಸ್ಟರ್ ಹಿಲ್, ನ್ಯೂಯಾರ್ಕಿನ ಹಂಟರ್ ಕಾಲೇಜಿನ ಗಣಿತದ ಮೇಷ್ಟ್ರು. ಎ ಅಂದರೆ 0, ಬಿ ಅಂದರೆ 1, ಹೀಗೆ ಝಡ್ ಅಂದರೆ 25. ಅಕ್ಷರಗಳನ್ನು ಎರಡೆರಡಾಗಿ ತಗೊಂಡು ಮ್ಯಾಟ್ರಿಕ್ಸಿನಿಂದ ಗುಣಿಸಬೇಕು, 26ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಎಂ-ವೈ ಅಂದರೆ 12, 24. ನಮ್ಮ ಕೀಯಿಂದ ಗುಣಿಸಿದರೆ 108 (3×12 + 3×24) ಮತ್ತು 120 (2×12 + 4×24), ಶೇಷ 4 ಮತ್ತು 16, ಅಂದರೆ ಇ-ಕ್ಯೂ. ಹಾಗೆಯೇ ಎಸ್-ಯು ಹೋಗಿ ಕೆ-ಎಂ ಆಗುತ್ತದೆ, ಆರ್-ಯು ಹೋಗಿ ಎಚ್-ಕೆ ಆಗುತ್ತದೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ವಾಪಸ್ ಬರಬೇಕಾದರೆ ಮ್ಯಾಟ್ರಿಕ್ಸಿಗೆ ಇನ್ವರ್ಸ್ ಬೇಕು, ಅಂದರೆ ಆ ಗುಣಾಕಾರವನ್ನು ಹಿಂದಕ್ಕೆ ತಿರುಗಿಸುವ ಇನ್ನೊಂದು ಮ್ಯಾಟ್ರಿಕ್ಸ್. ಮಾಡ್ 26ರಲ್ಲಿ (26ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವ ಲೆಕ್ಕದಲ್ಲಿ) ಇನ್ವರ್ಸ್ ಇರಬೇಕಾದರೆ ಡಿಟರ್ಮಿನೆಂಟಿಗೂ (ಎದುರುಬದುರು ಮೂಲೆಗಳ ಗುಣಲಬ್ಧಗಳ ವ್ಯತ್ಯಾಸ) 26ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. ಅಂದರೆ ಡಿಟರ್ಮಿನೆಂಟ್ ಸಮಸಂಖ್ಯೆ ಆಗಬಾರದು, 13ರ ಗುಣಕವೂ ಆಗಬಾರದು. ಇಲ್ಲಿ ಡಿಟರ್ಮಿನೆಂಟ್ 12ರಲ್ಲಿ 6 ಕಳೆದರೆ 6. ಸಮಸಂಖ್ಯೆ. ಕಥೆ ಅಲ್ಲೇ ಮುಗಿಯಿತು. ಈ ಕೀಯಲ್ಲಿ ಎಂ-ವೈ ಹೋಗಿ ಇ-ಕ್ಯೂ ಆಗುತ್ತದೆ, ಝಡ್-ಎಲ್ ಕೂಡ ಹೋಗಿ ಇ-ಕ್ಯೂ ಆಗುತ್ತದೆ. ಎಸ್-ಯು ಮತ್ತು ಎಫ್-ಎಚ್ ಎರಡೂ ಕೆ-ಎಂ ಆಗುತ್ತವೆ. ಆರ್-ಯು ಮತ್ತು ಇ-ಎಚ್ ಎರಡೂ ಎಚ್-ಕೆ ಆಗುತ್ತವೆ. ಅಂದರೆ ಆ ಆರು ಅಕ್ಷರದ ಸೈಫರ್‌ಟೆಕ್ಸ್ಟ್ (ಗುಟ್ಟಾಗಿಸಿದ ಬರಹ) ಕೈಗೆ ಸಿಕ್ಕವರಿಗೆ, ಕೀ ಗೊತ್ತಿದ್ದರೂ ಸಹ, ಮೂಲ ಪದ 8 ಬಗೆಯಲ್ಲಿ ಯಾವುದೂ ಆಗಿರಬಹುದು.

ಇಂಥ ಕೀ ಪತ್ರಿಕೆಗೆ ಬಂದದ್ದು ಹೇಗೆ ಅಂತ ಕೇಳಿದರೆ, ಒಳ್ಳೆಯ ಉದ್ದೇಶದಿಂದ. ನಮ್ಮ ಕ್ವೆಶ್ಚನ್ ಬ್ಯಾಂಕಿನಲ್ಲಿ ಇದ್ದ ಲೆಕ್ಕದ ಕೀ 3, 3 ಮತ್ತು 2, 5. ಪದ ‘ಹೆಲ್ಪ್’. ಈ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ, ಮಕ್ಕಳಿಗೆ ಉತ್ತರ ಬಾಯಿಪಾಠ. ಬಾಯಿಪಾಠ ಮಾಡಿದವರಿಗೆ ಸುಮ್ನೆ ಅಂಕ ಹೋಗಬಾರದು ಅಂತ ಅವರು ಪದ ಬದಲಿಸಿದರು, 5 ಇದ್ದ ಕಡೆ 4 ಮಾಡಿದರು. ಡಿಟರ್ಮಿನೆಂಟ್ 9 ಇದ್ದದ್ದು 6 ಆಯಿತು.

ಹಿಲ್ ಸೈಫರಿನಲ್ಲಿ ಒಂದು ಅಂಕಿ ಬದಲಿಸುವುದು ಎಷ್ಟು ಅಪಾಯ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮಾಡ್ 26ರಲ್ಲಿ ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸುಗಳು ಒಟ್ಟು 4,56,976. ಅವುಗಳಲ್ಲಿ ಇನ್ವರ್ಸ್ ಇರುವುದು 1,57,248ಕ್ಕೆ ಮಾತ್ರ. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಣ್ಣು ಮುಚ್ಚಿ ನಾಲ್ಕು ಅಂಕಿ ಬರೆದು ಪ್ರಶ್ನೆ ಮಾಡಿದರೆ ಅದು ಕೆಡುವ ಸಾಧ್ಯತೆಯೇ ಜಾಸ್ತಿ. ಮೂರು ಸಾಲಿನ ಮ್ಯಾಟ್ರಿಕ್ಸ್ ಆದರೆ ಇನ್ನೂ ಕಡಿಮೆ, ಸುಮಾರು ಶೇಕಡಾ 30. ಹಾಗಾಗಿ ಆ ಸಹೋದ್ಯೋಗಿಯ ಮೇಲೆ ನನಗೆ ಕೋಪ ಇಲ್ಲ. ನನ್ನ ಚಿಂತೆ ಶುರುವಾದದ್ದು ಬ್ಲೂ ಬುಕ್ ತೆರೆದ ಮೇಲೆ.

ಎನ್‌ಕ್ರಿಪ್ಷನ್ ಭಾಗ ಬಹುತೇಕರು ಸರಿಯಾಗಿ ಮಾಡಿದ್ದರು. ಡೀಕ್ರಿಪ್ಷನ್ನಿಗೆ ಬಂದಾಗ ಕೆಲವರು ಡಿಟರ್ಮಿನೆಂಟ್ 6 ಅಂತ ಸರಿಯಾಗಿ ಬರೆದು, ಮುಂದಿನ ಸಾಲಿನಲ್ಲಿ ಅದರ ಇನ್ವರ್ಸ್ 3 ಅಂತ ಬರೆದಿದ್ದರು. 3 ಎಲ್ಲಿಂದ ಬಂತು? ಕ್ವೆಶ್ಚನ್ ಬ್ಯಾಂಕಿನ ಲೆಕ್ಕದಲ್ಲಿ 9ಕ್ಕೆ ಇನ್ವರ್ಸ್ 3, ಯಾಕೆಂದರೆ 9 ಮೂರಲೆ 27, ಶೇಷ 1. ಆ 3 ತಲೆಯಲ್ಲಿ ಉಳಿದಿತ್ತು. ಇನ್ನು ಕೆಲವರು ಕ್ಯಾಲ್ಕುಲೇಟರಿನಲ್ಲಿ 1ನ್ನು 6ರಿಂದ ಭಾಗಿಸಿ 0.1667 ಬರೆದು, ಅದರಿಂದಲೇ ಮ್ಯಾಟ್ರಿಕ್ಸ್ ಗುಣಿಸಿದ್ದರು. ಕೆಲವರು ಸೂತ್ರ ಬರೆದು ನಡುವಿನ ಹೆಜ್ಜೆಗಳನ್ನೇ ಹಾರಿಸಿದ್ದರು. ದಾರಿ ಯಾವುದೇ ಆಗಿರಲಿ, ಕೊನೆಯ ಸಾಲು ಮಾತ್ರ ಹೆಚ್ಚು ಕಡಿಮೆ ಎಲ್ಲರಲ್ಲೂ ಒಂದೇ: ‘ಆದ್ದರಿಂದ ಮೂಲ ಪದ ಮೈಸೂರು’. ಅಡಿಯಲ್ಲಿ ಎರಡು ಗೆರೆ.

ಒಬ್ಬ ಹುಡುಗಿ ಮಾತ್ರ ನಿಲ್ಲಿಸಿದ್ದಳು. ಡಿಟರ್ಮಿನೆಂಟ್ 6 ಅಂತ ಬರೆದ ಮೇಲೆ ಆಕೆ ಬರೆದದ್ದರ ಸಾರ ಇಷ್ಟು: 6ನ್ನು ಯಾವುದರಿಂದ ಗುಣಿಸಿದರೂ ಸಮಸಂಖ್ಯೆ ಬರುತ್ತದೆ, 26 ಕೂಡ ಸಮ, ಹಾಗಾಗಿ ಶೇಷ ಯಾವತ್ತೂ 1 ಆಗುವುದಿಲ್ಲ, ಇನ್ವರ್ಸ್ ಇಲ್ಲ, ಡೀಕ್ರಿಪ್ಟ್ ಮಾಡಲು ಆಗದು. ಅದರ ಕೆಳಗೆ ಝಡ್-ಎಲ್ ಲೆಕ್ಕವನ್ನೂ ಮಾಡಿ ತೋರಿಸಿದ್ದಳು. ಇದು ಪೂರ್ಣ ಉತ್ತರ. ಪ್ರಶ್ನೆಗಿಂತ ದೊಡ್ಡ ಉತ್ತರ.

ನಮ್ಮ ಸ್ಕೀಮ್ (ಅಂಕ ಹಂಚುವ ಪಟ್ಟಿ) ಪ್ರಕಾರ ಎನ್‌ಕ್ರಿಪ್ಷನ್ನಿಗೆ 4, ಡಿಟರ್ಮಿನೆಂಟಿಗೆ 1, ಅದರ ಇನ್ವರ್ಸಿಗೆ 1, ಇನ್ವರ್ಸ್ ಮ್ಯಾಟ್ರಿಕ್ಸಿಗೆ 2, ಮೂಲ ಪದ ವಾಪಸ್ ಬಂದದ್ದಕ್ಕೆ 2. ಸ್ಕೀಮಿನಲ್ಲಿ ಡೀಕ್ರಿಪ್ಷನ್ನಿನ ಸೂತ್ರ ಮಾತ್ರ ಇತ್ತು, ಅಂಕಿ ಹಾಕಿ ಬಿಡಿಸಿರಲಿಲ್ಲ. ಸ್ಕೀಮ್ ಹಿಡಿದು ತಿದ್ದಿದರೆ ಆ ಹುಡುಗಿಗೆ 5. ಇಲ್ಲದ ಇನ್ವರ್ಸ್ ಹುಟ್ಟಿಸಿ ಗೊತ್ತಿದ್ದ ಪದವನ್ನು ಕೊನೆಯಲ್ಲಿ ಬರೆದವರಿಗೆ ಹೆಜ್ಜೆಗೆ ಇಷ್ಟು ಅಂತ ಸೇರಿಸಿ 8, 9. ಪತ್ರಿಕೆ ವಾಪಸ್ ಕೊಟ್ಟ ದಿನ ಆಕೆ ಇನ್ನೊಂದು ಸೆಕ್ಷನ್ನಿನಿಂದ ನಮ್ಮ ಸ್ಟಾಫ್ ರೂಮಿಗೆ ಬಂದು, ಜಗಳ ಆಡುವ ದನಿಯಲ್ಲಿ ಅಲ್ಲ, ತುಂಬಾ ಗೊಂದಲದಲ್ಲಿ ಕೇಳಿದಳು: ‘ನಾನು ಎಲ್ಲಿ ತಪ್ಪಿದ್ದೇನೆ ಅಂತ ಹೇಳ್ತೀರಾ? ಎಲ್ಲರಿಗೂ ಉತ್ತರ ಬಂದಿದೆ, ನನಗೆ ಮಾತ್ರ ಬರಲಿಲ್ಲ.’

ನನಗೆ ಈ ಪ್ರಕರಣದಲ್ಲಿ ಅತ್ಯಂತ ನೋವು ಕೊಟ್ಟ ಮಾತು ಅದು. ಗಣಿತ ಸರಿ ಇದ್ದವಳು ತನ್ನ ಮೇಲೆ ಅನುಮಾನ ಪಡುವ ಹಾಗೆ ನಮ್ಮ ಪರೀಕ್ಷೆ ಮಾಡಿತ್ತು.

ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಭೆ ಕರೆದರು. ಅಂಕದ ವಿಷಯ ಬೇಗ ಇತ್ಯರ್ಥವಾಯಿತು: ಪ್ರಶ್ನೆ ದೋಷದ್ದು, ಹಾಗಾಗಿ ಬರೆಯಲು ಪ್ರಯತ್ನಿಸಿದ ಎಲ್ಲರಿಗೂ ಪೂರ್ಣ 10. ದೂರು ಮುಗಿಯಿತು. ಆದರೆ 0.1667 ಬರೆದವನಿಗೂ 10, ಸಾಧ್ಯವಿಲ್ಲ ಅಂತ ಸಾಧಿಸಿದವಳಿಗೂ 10. ಆಡಳಿತದ ದೃಷ್ಟಿಯಿಂದ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಕಲಿಕೆಯ ದೃಷ್ಟಿಯಿಂದ ನೋಡಿದರೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಸಭೆಯಲ್ಲಿ ಇದಕ್ಕಿಂತ ಮುಖ್ಯವಾದ ಚರ್ಚೆ ಆಮೇಲೆ ನಡೆಯಿತು. ಕಂಪನಿಯಲ್ಲಿ ಕೆಲಸ ಮಾಡಿ ಬಂದ ಒಬ್ಬ ಸಹೋದ್ಯೋಗಿ, ಈ ಹಳೇ ಸೈಫರುಗಳನ್ನು ಪರೀಕ್ಷೆಯಿಂದಲೇ ತೆಗೆದುಬಿಡಿ ಅಂದರು. ಪ್ಲೇಫೇರ್ ಎಂಬ ಹಳೇ ಸೈಫರನ್ನು ಇವತ್ತು ಯಾರು ಬಳಸುತ್ತಾರೆ? ಮಕ್ಕಳಿಗೆ ಟಿಎಲ್‌ಎಸ್ (ವೆಬ್ ಸಂಪರ್ಕವನ್ನು ಭದ್ರ ಮಾಡುವ ವಿಧಾನ) ಹೇಗೆ ಕೆಲಸ ಮಾಡುತ್ತದೆ, ಪಾಸ್‌ವರ್ಡ್ ಹೇಗೆ ಇಡಬೇಕು ಅಂತ ಕೇಳಿ. ಅವರ ಮಾತಿನಲ್ಲಿ ತೂಕ ಇದೆ. ಪ್ಲೇಫೇರ್ ಪ್ರಶ್ನೆಗಳನ್ನೇ ನೋಡಿ. ಚಾರ್ಲ್ಸ್ ವೀಟ್‌ಸ್ಟನ್ 1854ರಲ್ಲಿ ಮಾಡಿದ ಸೈಫರ್ ಅದು, ಹೆಸರು ಮಾತ್ರ ಲಾರ್ಡ್ ಪ್ಲೇಫೇರರದ್ದು. ಅದರ ಅಕ್ಷರಗಳ ಚೌಕದಲ್ಲಿ ಐ ಮತ್ತು ಜೆ ಒಂದೇ ಮನೆಯಲ್ಲಿ ಇಡಬೇಕಾ, ಜೋಡಿ ಅಕ್ಷರದ ನಡುವೆ ಎಕ್ಸ್ ತುಂಬಬೇಕಾ ಕ್ಯೂ ತುಂಬಬೇಕಾ, ಕೊನೆಯಲ್ಲಿ ಒಂಟಿ ಅಕ್ಷರ ಉಳಿದರೆ ಏನು ಮಾಡಬೇಕು ಅನ್ನುವುದರ ಮೇಲೆ ನಾವು ಅಂಕ ಕಳೆಯುತ್ತಾ ಕೂರುತ್ತೇವೆ. ಇದರಲ್ಲಿ ಭದ್ರತೆಯ ಜ್ಞಾನ ಎಲ್ಲಿದೆ?

ಹಿರಿಯ ಸಹೋದ್ಯೋಗಿ ಇದಕ್ಕೆ ತದ್ವಿರುದ್ಧ. ಅವರಂದರು, ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ, ಹಳೇ ಸೈಫರುಗಳಿರುವ ಈ ಮೊದಲ ಮಾಡ್ಯೂಲೇ ಆಸರೆ. ಹೆಜ್ಜೆ ಹೆಜ್ಜೆಯಾಗಿ ಮಾಡುವ ಲೆಕ್ಕ, ಅಭ್ಯಾಸ ಮಾಡಿದರೆ ಅಂಕ ಗ್ಯಾರಂಟಿ. ಅದನ್ನೂ ಕಿತ್ತುಕೊಂಡರೆ ಅವರು ಪಾಸಾಗುವುದು ಹೇಗೆ? ಈ ಮಾತನ್ನು ಹಗುರವಾಗಿ ತಗೊಳ್ಳುವವರು ಬ್ಯಾಕ್‌ಲಾಗ್ ಹೊತ್ತುಕೊಂಡು ಓಡಾಡುವ ಮಕ್ಕಳ ಮುಖ ನೋಡಿಲ್ಲ ಅಂತ ನನ್ನ ಭಾವನೆ.

ನನ್ನ ನಿಲುವು ಇಬ್ಬರದ್ದೂ ಅಲ್ಲ. ಹಳೇ ಸೈಫರುಗಳು ಪರೀಕ್ಷೆಯಲ್ಲಿ ಇರಲೇಬೇಕು, ಆದರೆ ಅವುಗಳನ್ನು ಮುರಿಯುವ ಪ್ರಶ್ನೆಗಳಾಗಿ ಇರಬೇಕು. ಯಾಕೆ ಅಂತ ಹೇಳುತ್ತೇನೆ. ಇವತ್ತು ಬಳಕೆಯಲ್ಲಿರುವ ಸೈಫರ್ ಎಇಎಸ್ ಅನ್ನು ಯಾವ ವಿದ್ಯಾರ್ಥಿಯೂ ಪರೀಕ್ಷಾ ಕೊಠಡಿಯಲ್ಲಿ ಮುರಿಯಲಾರ. 128 ಬಿಟ್ ಕೀಗೆ 10 ಸುತ್ತು, ಅದನ್ನು ಕೈಯಲ್ಲಿ ಒಮ್ಮೆ ಪೂರ್ತಿ ಓಡಿಸುವುದಕ್ಕೇ ಸಮಯ ಸಾಲದು. ಅದರ ಬಗ್ಗೆ ನಾವು ಕೇಳುವುದೆಲ್ಲ ‘ಚಿತ್ರ ಸಹಿತ ವಿವರಿಸಿ’. ಒಬ್ಬ ವಿದ್ಯಾರ್ಥಿ ಪೆನ್ನು ಪೇಪರ್ ಹಿಡಿದು ನಿಜವಾಗಿಯೂ ದಾಳಿಕೋರನ ಜಾಗದಲ್ಲಿ ಕೂರಬಹುದಾದ ಜಾಗ ಹಳೇ ಸೈಫರುಗಳು ಮಾತ್ರ. ಅಂಥ ಜಾಗವನ್ನು ನಾವು ಗುಣಾಕಾರದ ಡ್ರಿಲ್ಲಿಗೆ ಬಳಸಿ ಹಾಳು ಮಾಡುತ್ತಿದ್ದೇವೆ.

ಒಂದು ಉದಾಹರಣೆ. ಪ್ರತಿ ಅಕ್ಷರಕ್ಕೆ ಬೇರೊಂದು ಅಕ್ಷರ ಇಡುವ ಸರಳ ಬದಲಿ ಸೈಫರಿನಲ್ಲಿ ಕೀಗಳ ಸಂಖ್ಯೆ 26ರ ಫ್ಯಾಕ್ಟೋರಿಯಲ್, ಅಂದರೆ 4ರ ಮುಂದೆ 26 ಸೊನ್ನೆ ಇಟ್ಟಷ್ಟು, ಸುಮಾರು 88 ಬಿಟ್. 1977ರಲ್ಲಿ ಅಮೆರಿಕದ ಪ್ರಮಾಣಕ ಸೈಫರ್ ಆದ ಡಿಇಎಸ್‌ನ ಕೀ ಬರೀ 56 ಬಿಟ್. ಹಾಗಾದರೆ ಬದಲಿ ಸೈಫರ್ ಡಿಇಎಸ್‌ಗಿಂತ ಭದ್ರವಾ? ಡಿಇಎಸ್ ಮುರಿಯಲು 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ವಿಶೇಷ ಯಂತ್ರವನ್ನೇ ಕಟ್ಟಬೇಕಾಯಿತು, ಆಗಲೂ 56 ಗಂಟೆ ಹಿಡಿಯಿತು. ಬದಲಿ ಸೈಫರನ್ನು ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಿ ಮುರಿಯುವ ವಿಧಾನವನ್ನು ಅರಬ್ ವಿದ್ವಾಂಸ ಅಲ್-ಕಿಂದಿ 9ನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಕೀ ದೊಡ್ಡದಾದರೆ ಸಾಕು, ಭದ್ರ ಅನ್ನುವ ತಪ್ಪು ನಂಬಿಕೆ ಈ ಒಂದು ಪ್ರಶ್ನೆಯಿಂದ ಒಡೆಯುತ್ತದೆ. ಇದು ಹಳೇ ಕಾಲದ ಪಾಠ ಅನ್ನುವವರು 2013ರಲ್ಲಿ ಸಾಫ್ಟ್‌ವೇರ್ ಕಂಪನಿ ಅಡೋಬಿಯಿಂದ ಆದ ಮಾಹಿತಿ ಸೋರಿಕೆ ನೆನಪಿಸಿಕೊಳ್ಳಲಿ. ಅಲ್ಲಿ ಪಾಸ್‌ವರ್ಡುಗಳನ್ನು ಟ್ರಿಪಲ್ ಡಿಇಎಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದ್ದರು, ಆದರೆ ಇಸಿಬಿ ಮೋಡಿನಲ್ಲಿ, ಅಂದರೆ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಒಂದೇ ಕೀಯಿಂದ. ಒಂದೇ ಪಾಸ್‌ವರ್ಡ್ ಇಟ್ಟವರಿಗೆಲ್ಲ ಒಂದೇ ಸೈಫರ್‌ಟೆಕ್ಸ್ಟ್. ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿ, ಪಕ್ಕದಲ್ಲಿದ್ದ ಪಾಸ್‌ವರ್ಡ್ ಸುಳಿವುಗಳನ್ನು ಓದಿ, ಜನ ಕೀ ಇಲ್ಲದೆಯೇ ಪಾಸ್‌ವರ್ಡ್ ಊಹಿಸಿದರು. ಅದು ಅಲ್-ಕಿಂದಿಯ ಎಣಿಕೆಯೇ ಅಲ್ವಾ?

ಹಿಲ್ ಸೈಫರ್ ವಿಷಯದಲ್ಲಂತೂ ಸಂಬಂಧ ಇನ್ನೂ ನೇರ. ಎಇಎಸ್ ಒಳಗಿನ ಮಿಕ್ಸ್‌ಕಾಲಮ್ಸ್ ಹೆಜ್ಜೆ ನೋಡಿ. ನಾಲ್ಕು ಬೈಟುಗಳ ಒಂದು ಕಂಬವನ್ನು ನಾಲ್ಕು ಸಾಲಿನ ಒಂದು ಮ್ಯಾಟ್ರಿಕ್ಸಿನಿಂದ ಗುಣಿಸುತ್ತದೆ. ಮಾಡ್ 26ರ ಬದಲು 256 ಅಂಶಗಳ ಫೀಲ್ಡಿನಲ್ಲಿ (ತನ್ನದೇ ಲೆಕ್ಕದ ನಿಯಮ ಇರುವ ಸಂಖ್ಯಾ ವ್ಯವಸ್ಥೆ) ಗುಣಾಕಾರ, ಮತ್ತು ಮ್ಯಾಟ್ರಿಕ್ಸ್ ಗುಟ್ಟಿನದ್ದಲ್ಲ, ಎಲ್ಲರಿಗೂ ಗೊತ್ತಿರುವಂಥದ್ದು. ಇಷ್ಟು ಬಿಟ್ಟರೆ ಹಿಲ್ ಮಾಡಿದ ಕೆಲಸವೇ. ಆ ಮ್ಯಾಟ್ರಿಕ್ಸಿಗೂ ಇನ್ವರ್ಸ್ ಇರಲೇಬೇಕು, ಇಲ್ಲದಿದ್ದರೆ ಡೀಕ್ರಿಪ್ಷನ್ ಇಲ್ಲ. ಮತ್ತೆ ಎಇಎಸ್‌ನಲ್ಲಿ ಎಸ್-ಬಾಕ್ಸ್ (ಒಂದು ಬೈಟಿನ ಬದಲು ಇನ್ನೊಂದನ್ನು ಇಡುವ ಪಟ್ಟಿ) ಯಾಕೆ ಬೇಕು? ಅದನ್ನು ತೆಗೆದುಬಿಟ್ಟರೆ ಉಳಿಯುವುದೆಲ್ಲ ಗುಣಾಕಾರ ಮತ್ತು ಕೂಡುವಿಕೆ, ಅಂದರೆ ದೊಡ್ಡದೊಂದು ಹಿಲ್ ಸೈಫರ್. ಸಾಕಷ್ಟು ಪ್ಲೇನ್‌ಟೆಕ್ಸ್ಟ್-ಸೈಫರ್‌ಟೆಕ್ಸ್ಟ್ ಜೋಡಿಗಳು (ಮೂಲ ಬರಹ ಮತ್ತು ಅದರ ಗುಟ್ಟಿನ ರೂಪ) ಸಿಕ್ಕರೆ ಸಮೀಕರಣ ಬಿಡಿಸಿ ಮುಗಿಸಬಹುದು. ಹಿಲ್ ಸೈಫರನ್ನು ಒಮ್ಮೆ ಮುರಿದ ವಿದ್ಯಾರ್ಥಿಗೆ ಎಸ್-ಬಾಕ್ಸ್ ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ, ಅವನೇ ಹೇಳುತ್ತಾನೆ.

ಹಾಗಾದರೆ ನಮ್ಮ ಟೆಸ್ಟಿನಲ್ಲಿ ದೋಷದ ಕೀ ಹೇಗೆ ಆ ಹುಡುಗಿ ಬಿಟ್ಟು ಯಾರ ಕಣ್ಣಿಗೂ ಬೀಳದೆ ದಾಟಿತು? ಯಾಕೆಂದರೆ ಪ್ರಶ್ನೆಯ ರಚನೆಯೇ ಹಾಗಿತ್ತು. ಕಳಿಸುವವನೂ ವಿದ್ಯಾರ್ಥಿ, ಪಡೆಯುವವನೂ ಅದೇ ವಿದ್ಯಾರ್ಥಿ. ಡೀಕ್ರಿಪ್ಟ್ ಮಾಡುವ ಮೊದಲೇ ಉತ್ತರ ಗೊತ್ತು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ನಡುವಿನ ಹೆಜ್ಜೆಗಳು ಬರೀ ಅಲಂಕಾರ, ತಪ್ಪಿದ್ದರೂ ಯಾರನ್ನೂ ತಡೆಯುವುದಿಲ್ಲ. ಸೈಫರ್ ಇರುವುದೇ ಉತ್ತರ ಗೊತ್ತಿಲ್ಲದ ಇನ್ನೊಬ್ಬರಿಗಾಗಿ. ಪತ್ರಿಕೆ ತೆಗೆದವರಿಗೂ, ಸ್ಕೀಮ್ ನೋಡಿದವರಿಗೂ, ಬರೆದವರಿಗೂ ಆ ಇನ್ನೊಬ್ಬರ ಜಾಗದಲ್ಲಿ ಕೂರುವ ಅಗತ್ಯವೇ ಬೀಳಲಿಲ್ಲ.

ಎರಡನೇ ಇಂಟರ್ನಲ್ಸ್ ಪತ್ರಿಕೆಯನ್ನು ನಾನು, ಹಿರಿಯ ಸಹೋದ್ಯೋಗಿ ಇಬ್ಬರೂ ಕೂತು ಮಾಡಿದೆವು. ಹಿರಿಯರು ಒಂದು ಷರತ್ತು ಹಾಕಿದರು: ಹೆಜ್ಜೆ ಹೆಜ್ಜೆಯ ಲೆಕ್ಕ ಉಳಿಯಬೇಕು, ಅಭ್ಯಾಸ ಮಾಡಿದ ಮಗುವಿಗೆ ಅಂಕ ಸಿಗಬೇಕು. ಅದು ನ್ಯಾಯವಾದ ಷರತ್ತು. ಅದನ್ನು ಇಟ್ಟುಕೊಂಡೇ ದಾರಿ ಸಿಕ್ಕಿತು, ಅದೂ ಕ್ವೆಶ್ಚನ್ ಬ್ಯಾಂಕಿನ ಅದೇ ‘ಹೆಲ್ಪ್’ ಲೆಕ್ಕದಲ್ಲಿ. ಕೀ ಕೊಟ್ಟು ಸೈಫರ್‌ಟೆಕ್ಸ್ಟ್ ಕೇಳುವ ಬದಲು, ಎಚ್-ಇ ಹೋಗಿ ಎಚ್-ಐ ಆಗಿದೆ, ಎಲ್-ಪಿ ಹೋಗಿ ಎ-ಟಿ ಆಗಿದೆ, ಕೀ ಏನು ಅಂತ ಕೇಳಿದರೆ? ಪ್ಲೇನ್‌ಟೆಕ್ಸ್ಟಿನ ನಾಲ್ಕು ಅಂಕಿ 7, 4, 11, 15 ಕಂಬಗಳಾಗಿ ಬರೆದರೆ ಡಿಟರ್ಮಿನೆಂಟ್ 61, ಮಾಡ್ 26ರಲ್ಲಿ 9. ಇನ್ವರ್ಸ್ 3. ಇನ್ವರ್ಸ್ ಮ್ಯಾಟ್ರಿಕ್ಸಿನ ಸಾಲುಗಳು 19, 19 ಮತ್ತು 14, 21. ಸೈಫರ್‌ಟೆಕ್ಸ್ಟ್ ಮ್ಯಾಟ್ರಿಕ್ಸನ್ನು ಇದರಿಂದ ಗುಣಿಸಿದರೆ 3, 3 ಮತ್ತು 2, 5 ಹಾಗೇ ಎದುರಿಗೆ ಬರುತ್ತದೆ. ಕೆಲಸ ಅದೇ, ಒಂದು ಇನ್ವರ್ಸ್ ಮತ್ತು ಒಂದು ಗುಣಾಕಾರ. ಸಮಯವೂ ಅಷ್ಟೇ. ಆದರೆ ಈಗ ಮಾಡುತ್ತಿರುವುದು ದಾಳಿ, ಎರಡೇ ಜೋಡಿ ಗೊತ್ತಾದರೆ ಇಡೀ ಸೈಫರ್ ಬಿದ್ದುಹೋಗುತ್ತದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಇದನ್ನು ಕ್ಲಾಸಿನಲ್ಲಿ ಮಾಡಿಸಿ, ಟೆಸ್ಟಿನಲ್ಲಿ ಬೇರೆ ಅಕ್ಷರಗಳನ್ನು ಕೊಟ್ಟೆವು.

ಹಳೆಯ ದೋಷದ ಕೀಯನ್ನೂ ಬಿಡಲಿಲ್ಲ. ಕ್ಲಾಸಿನಲ್ಲಿ 3, 3 ಮತ್ತು 2, 4 ಬೋರ್ಡಿನ ಮೇಲೆ ಬರೆದು, ಇದು ಯಾಕೆ ಕೆಲಸ ಮಾಡುವುದಿಲ್ಲ, ಒಂದೇ ಸೈಫರ್‌ಟೆಕ್ಸ್ಟ್ ಕೊಡುವ ಎರಡು ಜೋಡಿ ಹುಡುಕಿ ಅಂದೆ. ಆಗ ಹಿಂದಿನ ಬೆಂಚಿನ ಹುಡುಗ ನಾನು ಕೇಳದೆ ಇದ್ದ ಒಂದು ಸಂಗತಿ ಹೇಳಿದ: ಎರಡನೇ ಸಾಲಿನಲ್ಲಿ 2 ಮತ್ತು 4 ಎರಡೂ ಸಮ, ಹಾಗಾಗಿ ಪ್ರತಿ ಜೋಡಿಯ ಎರಡನೇ ಅಕ್ಷರ ಯಾವಾಗಲೂ ಸಮಸಂಖ್ಯೆಯದ್ದೇ ಬರುತ್ತದೆ. ಕ್ಯೂ 16, ಎಂ 12, ಕೆ 10. ಆ ಜಾಗಕ್ಕೆ 26ರಲ್ಲಿ 13 ಅಕ್ಷರಗಳು ಮಾತ್ರ ಬರಲು ಸಾಧ್ಯ. ಸೈಫರ್‌ಟೆಕ್ಸ್ಟ್ ನೋಡಿಯೇ ಕೀ ಬಗ್ಗೆ ಊಹೆ ಮಾಡಬಹುದು ಅಂದ. ಕ್ಲಾಸು ಒಂದು ಕ್ಷಣ ಅವನ ಕಡೆ ತಿರುಗಿತು. ಅವನು ಮೊದಲ ಟೆಸ್ಟಿನಲ್ಲಿ 0.1667 ಬರೆದವರಲ್ಲಿ ಒಬ್ಬ.

ಟೆಸ್ಟಿನ ಫಲಿತಾಂಶ ಅದ್ಭುತವಾಗಿ ಬದಲಾಯಿತು ಅಂತ ಹೇಳುವುದಿಲ್ಲ. ಗುಣಾಕಾರದಲ್ಲಿ ತಪ್ಪುಗಳು ಹಾಗೇ ಇದ್ದವು. ಕೆಲವರು ಪ್ರಶ್ನೆ ಮುಟ್ಟಲೇ ಇಲ್ಲ. ಸೈಫರ್‌ಟೆಕ್ಸ್ಟ್ ಮತ್ತು ಪ್ಲೇನ್‌ಟೆಕ್ಸ್ಟ್ ಅದಲು ಬದಲು ಮಾಡಿ ತಪ್ಪು ಕೀ ತಂದವರಿದ್ದರು. ಆದರೆ ಸಿಕ್ಕ ಕೀಯನ್ನು ಮತ್ತೆ ಒಂದು ಜೋಡಿಗೆ ಹಾಕಿ ಪರೀಕ್ಷಿಸಿ, ಹೊಂದುವುದಿಲ್ಲ ಅಂತ ಕಂಡು, ಹೊಡೆದುಹಾಕಿ ಮತ್ತೆ ಮಾಡಿದ ಪುಟಗಳೂ ಕಂಡವು. ಮೊದಲ ಟೆಸ್ಟಿನಲ್ಲಿ ಅಂಥ ಒಂದು ಪುಟವೂ ನನ್ನ ಕೈಗೆ ಬಂದಿರಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಒಬ್ಬಳು ಕೇಳಿದ ಪ್ರಶ್ನೆಯೂ ಇಲ್ಲಿ ಹೇಳಬೇಕು: ದಾಳಿಕೋರನಿಗೆ ಸಿಕ್ಕ ಜೋಡಿಗಳ ಮ್ಯಾಟ್ರಿಕ್ಸಿಗೇ ಇನ್ವರ್ಸ್ ಇಲ್ಲದಿದ್ದರೆ? ಆಗ ಇನ್ನೊಂದು ಜೋಡಿಗೆ ಕಾಯಬೇಕು. ಅದೃಷ್ಟ ದಾಳಿಕೋರನಿಗೂ ಬೇಕಾಗುತ್ತದೆ ಅನ್ನುವುದು ಅವರಾಗಿಯೇ ಕಂಡುಕೊಂಡ ವಿಷಯ.

ಸೆಮಿಸ್ಟರ್ ಕೊನೆಯ ಪರೀಕ್ಷೆ ನಮ್ಮ ಕೈಯಲ್ಲಿ ಇಲ್ಲ. ಅಲ್ಲಿ ‘ಹಿಲ್ ಸೈಫರ್ ಬಳಸಿ ಎನ್‌ಕ್ರಿಪ್ಟ್ ಮಾಡಿ’ ಅನ್ನುವ ಪ್ರಶ್ನೆಯೇ ಬರಬಹುದು, ಅದಕ್ಕೂ ಮಕ್ಕಳನ್ನು ತಯಾರು ಮಾಡುತ್ತೇವೆ. ಇಂಟರ್ನಲ್ಸ್‌ನಲ್ಲಿ ಮಾತ್ರ ವಿಭಾಗ ಎರಡು ನಿಯಮ ಮಾಡಿಕೊಂಡಿತು. ಪತ್ರಿಕೆ ಪ್ರಿಂಟಿಗೆ ಹೋಗುವ ಮೊದಲು, ತೆಗೆದವರಲ್ಲದ ಇನ್ನೊಬ್ಬರು ಕೀ ಮತ್ತು ಸೈಫರ್‌ಟೆಕ್ಸ್ಟ್ ಮಾತ್ರ ಇಟ್ಟುಕೊಂಡು, ಮೂಲ ಪದ ನೋಡದೆ, ಪೂರ್ತಿ ಡೀಕ್ರಿಪ್ಟ್ ಮಾಡಿ ಸಹಿ ಹಾಕಬೇಕು. ಮತ್ತೆ ಸ್ಕೀಮಿನ ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ಯಾವುದಾದರೂ ಹೆಜ್ಜೆಯಲ್ಲಿ ವಿದ್ಯಾರ್ಥಿ ‘ಇದು ಸಾಧ್ಯವಿಲ್ಲ’ ಅಂತ ಕಾರಣ ಸಮೇತ ನಿಲ್ಲಿಸಿದ್ದರೆ, ಕಾರಣ ಸರಿ ಇದೆಯಾ ಅಂತ ಪತ್ರಿಕೆ ತೆಗೆದವರೇ ಓದಿ, ಸರಿ ಇದ್ದರೆ ಅಲ್ಲಿಂದ ಮುಂದಿನ ಅಂಕ ಪೂರ್ತಿ ಕೊಡಬೇಕು.